ಗುಜರಿ ಜಿಪಿಎಸ್ ಕಾಮರ್ಸ್ ಹುಡುಗನಿಗೆ ಯಾಕೆ?

ಶಹಾಪುರದಲ್ಲಿ ನಮ್ಮ ಮಾಮೂ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾರೆ. 2025ರ ಆಗಸ್ಟ್‌ನಲ್ಲಿ ಒಂದು ಹಳೆಯ ಕ್ರೂಸರ್‌ನಿಂದ ಟ್ರ್ಯಾಕರ್ ಬಿಚ್ಚಿದರು. ತಾರೀಖು ತಪ್ಪು ತೋರಿಸುತ್ತದೆ, ಕೆಟ್ಟಿದೆ ಎಂದು ಮಾಲೀಕರೇ ತೆಗೆಸಿದ್ದರು. ಗುಜರಿ ಚೀಲಕ್ಕೆ ಹಾಕುವ ಮುನ್ನ ನಾನು ಕೇಳಿದೆ. "ಬೇಕಾರ್ ಚೀಜ್ ಹೈ, ಲೇ ಲೇ" ಎಂದರು ಮಾಮೂ. ಒಳಗಿದ್ದ ಸಿಮ್ ಮಾತ್ರ ತೆಗೆದು ಮಾಲೀಕರಿಗೆ ಕೊಟ್ಟರು. ಅದು ಅವರ ಹೆಸರಿನದು.

ಅದನ್ನು ಕಾಲೇಜಿಗೆ ತಂದ ದಿನ ಒಬ್ಬರು ನಗುತ್ತಲೇ ಕೇಳಿದರು, "ಕಾಮರ್ಸ್ ಹುಡುಗನಿಗೆ ಇದೆಲ್ಲ ಯಾಕಪ್ಪ?" ಆಗ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದದ್ದು ಒಂದು ಗಡಿಯಾರ. ರಂಜಾನ್ ತಿಂಗಳಲ್ಲಿ ಸಹರಿ ಹೊತ್ತಿಗೆ ನಮ್ಮ ಮನೆಯಲ್ಲಿ ದಿನವೂ ಒಂದೇ ಜಗಳ. ಅಮ್ಮಿಯ ಗಡಿಯಾರ ಒಂದು ಹೇಳುತ್ತದೆ, ಅಬ್ಬಾರ ಗಡಿಯಾರ ಇನ್ನೊಂದು. ಜಿಪಿಎಸ್ ಉಪಗ್ರಹದಲ್ಲಿ ಪರಮಾಣು ಗಡಿಯಾರವಿದೆ. ಅದು ಕಳಿಸುವ ಸಮಯಕ್ಕೆ ಇಂಟರ್‌ನೆಟ್ ಬೇಕಿಲ್ಲ, ರೀಚಾರ್ಜ್ ಬೇಕಿಲ್ಲ. ಬಂದ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ.

ಮೊಬೈಲ್ ರಿಪೇರಿ ಮಾಡುವ ಅಣ್ಣನೊಬ್ಬ ಬಿಸಿಗಾಳಿ ಹಿಡಿದು ಮಾಡ್ಯೂಲ್ ಬಿಡಿಸಿ, ತಂತಿ ಹಚ್ಚಿಕೊಟ್ಟ. ವಿಜ್ಞಾನ ಓದುವ ಗೆಳೆಯನ ಹತ್ತಿರ ಆರ್ಡುಯಿನೊ ಊನೊ ಇತ್ತು. ಅದು 5 ವೋಲ್ಟ್‌ನದು, ಮಾಡ್ಯೂಲ್ 3.3 ವೋಲ್ಟ್‌ನದು. ಹಾಗಾಗಿ 3.3 ಪಿನ್‌ನಿಂದಲೇ ಕರೆಂಟು ಕೊಟ್ಟೆವು. ಮಾಡ್ಯೂಲ್ ಹೇಳುವುದನ್ನು ಕೇಳುವ ತಂತಿಯನ್ನಷ್ಟೇ ಜೋಡಿಸಿದೆವು, ನಾವು ಅದಕ್ಕೆ ಹೇಳುವುದೇನೂ ಇರಲಿಲ್ಲ. ಮನೆಯೊಳಗೆ, ಫರಸಿ ಕಲ್ಲಿನ ಛಾವಣಿಯ ಕೆಳಗೆ, ಒಂದು ಉಪಗ್ರಹವೂ ಸಿಗಲಿಲ್ಲ. ಮಾಳಿಗೆ ಹತ್ತಿ ಆಂಟೆನಾವನ್ನು ಆಕಾಶಕ್ಕೆ ಮುಖ ಮಾಡಿ ಇಟ್ಟು ಕಾದೆವು. ಸ್ವಲ್ಪ ಹೊತ್ತಿಗೆ ಸಾಲುಗಳು ಬರತೊಡಗಿದವು.

ಅಕ್ಷಾಂಶ 1642, ರೇಖಾಂಶ 7650 ಎಂದು ಶುರುವಾಗಿತ್ತು. ಗೆಳೆಯ 16.42, 76.50 ಎಂದು ನಕ್ಷೆಯಲ್ಲಿ ಹಾಕಿದ. ನಕ್ಷೆ ಹುಣಸಗಿ ಕಡೆ ತೋರಿಸಿತು! ನಾವು ಕುಳಿತದ್ದು ಶಹಾಪುರದ ಮಾಳಿಗೆಯ ಮೇಲೆ. ನಾನು ಆ ಅಂಕಿಗಳನ್ನೇ ನೋಡುತ್ತಿದ್ದೆ. ಗಂಟೆಗೆ 60 ನಿಮಿಷ ಇದ್ದಂತೆ ಡಿಗ್ರಿಗೂ 60 ನಿಮಿಷ. 42 ನಿಮಿಷವೆಂದರೆ 0.70 ಡಿಗ್ರಿ. 16.70 ಎಂದು ಹಾಕಿದಾಗ ಸರಿಯಾಗಿ ನಮ್ಮ ಓಣಿಗೆ ಬಂತು.

ತಾರೀಖು ಮಾತ್ರ ಸರಿಯಾಗಲಿಲ್ಲ. ಅಂದು 2025ರ ಆಗಸ್ಟ್ 10, ಭಾನುವಾರ. ಮಾಡ್ಯೂಲ್ ಹೇಳಿದ್ದು 2005ರ ಡಿಸೆಂಬರ್ 25. ಆಗ ಯಾದಗಿರಿ ಜಿಲ್ಲೆಯೇ ಹುಟ್ಟಿರಲಿಲ್ಲ, ಶಹಾಪುರ ಗುಲಬರ್ಗಾ ಜಿಲ್ಲೆಯಲ್ಲಿತ್ತು. ನಾನಂತೂ ಹುಟ್ಟಿರಲೇ ಇಲ್ಲ. "ಕೆಟ್ಟಿದೆ, ಬಿಡು" ಎಂದ ಗೆಳೆಯ. ಆದರೆ ಗಂಟೆ, ನಿಮಿಷ, ಸೆಕೆಂಡು ಎಲ್ಲ ಸರಿಯಾಗಿದ್ದವು. ಕೆಟ್ಟ ವಸ್ತು ಅಷ್ಟು ಅಚ್ಚುಕಟ್ಟಾಗಿ ಯಾಕೆ ತಪ್ಪುತ್ತದೆ?

ಲೆಕ್ಕಶಾಸ್ತ್ರದಲ್ಲಿ ಬಡ್ಡಿಗಾಗಿ ದಿನ ಎಣಿಸುವುದನ್ನು ಸರ್ ಬೇಸರ ಬರುವಷ್ಟು ಮಾಡಿಸಿದ್ದಾರೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ತಾರೀಖುಗಳ ನಡುವಿನ ದಿನ ಎಣಿಸಿದೆ. ಅಧಿಕ ವರ್ಷಗಳು ಐದು. ಒಟ್ಟು 7168 ದಿನ. 7ರಿಂದ ಭಾಗಿಸಿದರೆ 1024 ವಾರ, ಶೇಷ ಸೊನ್ನೆ. ಕಂಪ್ಯೂಟರ್ ಕ್ಲಾಸಿನಲ್ಲಿ ಕೂತ ಯಾರಿಗಾದರೂ 1024 ಪರಿಚಯದ ಸಂಖ್ಯೆ. ಆಮೇಲೆ ಓದಿದಾಗ ತಿಳಿಯಿತು. ಜಿಪಿಎಸ್ 1980ರ ಜನವರಿ 6ರಿಂದ ವಾರಗಳನ್ನು ಎಣಿಸುತ್ತದೆ. ಹಳೆಯ ಸಂಕೇತದಲ್ಲಿ ವಾರಕ್ಕೆ ಹತ್ತೇ ಬಿಟ್ ಜಾಗ, 1023 ಆದ ಮೇಲೆ ಮತ್ತೆ ಸೊನ್ನೆ. 1999ರ ಆಗಸ್ಟ್‌ನಲ್ಲಿ ಒಮ್ಮೆ ಹಾಗಾಯಿತು, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ. ನಮ್ಮ ಮಾಡ್ಯೂಲ್‌ಗೆ ಆ ಎರಡನೆಯ ಸುತ್ತು ಗೊತ್ತಿರಲಿಲ್ಲ, ಅಷ್ಟೇ. ಪ್ರೋಗ್ರಾಮಿನಲ್ಲಿ 7168 ದಿನ ಕೂಡಿಸಿದೆವು, ತಾರೀಖು ಸರಿಹೋಯಿತು.

ಮಾಲೀಕರ ಪುಸ್ತಕದಲ್ಲಿ ಅದರ ಬೆಲೆ ಸವಕಳಿಯಾಗಿ ಸೊನ್ನೆ. ಗುಜರಿಯವರ ತಕ್ಕಡಿಯಲ್ಲಿ ಕೆಲವು ಗ್ರಾಂ. ಹೊಸ ಮಾಡ್ಯೂಲ್ ಕೆಲವು ನೂರು ರೂಪಾಯಿಗೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಆದರೆ ಆ ಕೆಲವು ನೂರು ಎಲ್ಲರ ಮನೆಯಲ್ಲೂ ಎತ್ತಿಟ್ಟಿರುವುದಿಲ್ಲ. ಹೊಸದು ತಂದಿದ್ದರೆ ಈ ಲೆಕ್ಕವೂ ನನಗೆ ಸಿಗುತ್ತಿರಲಿಲ್ಲ. ಇದನ್ನು ಮತ್ತೆ ಬಾಡಿಗೆ ಗಾಡಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಪ್ರಯಾಣಿಕರ ಸುರಕ್ಷತೆಗೆ ಪ್ರಮಾಣೀಕರಿಸಿದ ಉಪಕರಣವೇ ಬೇಕು. ಯಾರದೆಂದು ಗೊತ್ತಿಲ್ಲದ ಟ್ರ್ಯಾಕರನ್ನು ಮುಟ್ಟಲೂಬಾರದು, ಕದ್ದ ಗಾಡಿಯದಿರಬಹುದು.

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ ಅಂಕ ನನ್ನನ್ನು ಕಾಮರ್ಸ್‌ಗೆ ಕಳಿಸಿತು. ಆ ಬಗ್ಗೆ ದೂರಿಲ್ಲ, ಅಂಗಡಿ ಲೆಕ್ಕ ನನಗೆ ಇಷ್ಟವೇ. ಆದರೆ ಲ್ಯಾಬಿನ ಬಾಗಿಲೂ ಅದರೊಂದಿಗೇ ಮುಚ್ಚಬೇಕೇ? ಕೇಳುವುದು ಹೆಚ್ಚೇನಿಲ್ಲ. ಶನಿವಾರ ಮಧ್ಯಾಹ್ನ ಎರಡು ಗಂಟೆ ಒಂದು ಟೇಬಲ್, ಒಂದು ಸೋಲ್ಡರಿಂಗ್ ಕಡ್ಡಿ, ನೋಡಿಕೊಳ್ಳಲು ಒಬ್ಬ ಸರ್ ಅಥವಾ ಮೇಡಂ. ಮನೆಗಳಲ್ಲಿ ಕೆಟ್ಟು ಬಿದ್ದ ರೇಡಿಯೊ, ಚಾರ್ಜರ್, ಸೆಟ್‌ಟಾಪ್ ಬಾಕ್ಸ್ ಇಡಲು ಒಂದು ಕಪಾಟು. ಆರ್ಟ್ಸ್‌ನವರೂ ಬರಲಿ, ಹುಡುಗಿಯರೂ ಬರಲಿ.

ಗಡಿಯಾರ ಈಗ ನಮ್ಮ ಮನೆಯ ಕಿಟಕಿಯಲ್ಲಿದೆ, ಆಂಟೆನಾ ಹೊರಗೆ. ಅಮ್ಮಿಯ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು, ಅಬ್ಬಾರದು ಒಂದು ನಿಮಿಷ ಹಿಂದೆ. ಕಾಲೇಜಿನ ಗಂಟೆ ಎಷ್ಟು ಮುಂದಿದೆ ಎಂಬುದನ್ನೂ ನೋಡಿದ್ದೇನೆ, ಟೇಬಲ್ ಸಿಕ್ಕ ಮೇಲೆ ಹೇಳುತ್ತೇನೆ.