ಗ್ರೀಸು ಮೆತ್ತಿದ ಕೈ

ಕಳೆದ ಭಾನುವಾರ ಹರದನಹಳ್ಳಿಯ ನಮ್ಮ ಮನೆಯಂಗಳದಲ್ಲಿ ನನ್ನ ತಮ್ಮನ ಮಗನು ತನ್ನ ಫೋರ್ ವೀಲ್ ಡ್ರೈವ್ ವಾಹನದ ಸವೆದ ಮುಂದಿನ ಸಿ.ವಿ. ಆಕ್ಸಲನ್ನು ತಾನೇ ಬದಲಿಸಿದನು. ನೋಡುತ್ತಿದ್ದ ಹಿರಿಯ ಬಂಧುವೊಬ್ಬರು, "ಏನಪ್ಪಾ ಮೇಷ್ಟ್ರೇ, ಹುಡುಗನಿಗೆ ಇಂಜಿನಿಯರಿಂಗ್ ಓದಿಸಿದ್ದು ಇದಕ್ಕೇನಾ?" ಎಂದರು. ಅಂದು ಸುಮ್ಮನಿದ್ದೆ, ಇಂದು ಉತ್ತರಿಸುತ್ತೇನೆ.

ಹೌದು, ಇದಕ್ಕೇ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬರುವ ಕಟಕಟ ಸದ್ದಿನಿಂದ ಹೊರಗಿನ ಕೀಲು ಸವೆದಿದೆಯೆಂದು ಊಹಿಸುವುದು, ರಬ್ಬರ್ ಬೂಟು ಹರಿದು ಗ್ರೀಸು ಸೋರಿ ಗದ್ದೆದಾರಿಯ ಕೆಸರು ಒಳಸೇರಿದ್ದೇ ಕಾರಣವೆಂದು ಕಂಡುಕೊಳ್ಳುವುದು ವಿದ್ಯೆಯಲ್ಲದೆ ಮತ್ತೇನು? ಚಕ್ರ ಎತ್ತ ಹೊರಳಿದರೂ ವೇಗ ಏರಿಳಿಯದಂತೆ ತಿರುಗಿಸುವ ಉಕ್ಕಿನ ಗುಂಡುಗಳನ್ನು, ಹಳೆಯ ಕೀಲನ್ನು ಬಿಚ್ಚಿದಾಗ, ನಾನೂ ಮೊದಲ ಬಾರಿಗೆ ಕಂಡೆ. ರೇಖಾಗಣಿತವನ್ನು ಮೂವತ್ತು ವರ್ಷ ಕಪ್ಪುಹಲಗೆಯ ಮೇಲಷ್ಟೇ ಬರೆದವನಿಗೆ ನಾಚಿಕೆಯಾಯಿತು.

ಅಪಾಯವೆಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಬರಿಯ ಜಾಕಿಯನ್ನು ನಂಬಿ ವಾಹನದಡಿ ನುಸುಳುವುದು ಶೌರ್ಯವಲ್ಲ, ಮೂರ್ಖತನ. ಹುಡುಗನು ಚಕ್ರ ನೆಲದ ಮೇಲಿರುವಾಗಲೇ ಹಬ್ ನಟ್ಟನ್ನು ಸಡಿಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ ತರುವಾಯವೇ ಕೈಹಾಕಿದನು. ಕೊನೆಗೆ ಹೊಸ ನಟ್ಟನ್ನು ಟಾರ್ಕ್ ರೆಂಚಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿದನು.

ಆಯುಧಪೂಜೆಯಂದು ಸ್ಪ್ಯಾನರಿಗೆ ಕುಂಕುಮವಿಟ್ಟು ಕೈಮುಗಿಯುವ ನಾವು, ಮಿಕ್ಕ ದಿನಗಳಲ್ಲಿ ಅದನ್ನು ಹಿಡಿದ ಕೈಯನ್ನು ಕಂಡು ಮೂಗು ಮುರಿಯುತ್ತೇವೆ. 'ಓದದಿದ್ದರೆ ಗ್ಯಾರೇಜು ಸೇರುತ್ತೀಯ' ಎಂದು ತರಗತಿಯಲ್ಲಿ ನಾನೂ ಗದರಿದ್ದುಂಟು. ಆ ಮಾತನ್ನು ಕೇಳಿಸಿಕೊಂಡ ಶಿಷ್ಯರು ಇದನ್ನು ಓದುತ್ತಿದ್ದರೆ, ದಯವಿಟ್ಟು ಕ್ಷಮಿಸಿರಿ.