ಗಿಡ್ಡ ಹುಡುಗನ ಚೆಂಡು, ಅಜ್ಜಿಯ ನೋಟ್‌ಬುಕ್ಕು

"ಅಜ್ಜಿ, ನೀವು ದಿನಾ ಬರೀತೀರಾ? ಏನು ಬರೀತೀರಾ?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತಿರುತ್ತೀರಿ. ಈ ವಾರ ಅದನ್ನೇ ಹೇಳುತ್ತೇನೆ, ಮಕ್ಕಳೇ. ಜೊತೆಗೆ ಒಂದು ಆನಿಮೇಷನ್ ಸಿನಿಮಾದ ವಿಷಯವೂ ಇದೆ. ಎರಡಕ್ಕೂ ನಂಟಿದೆ, ಸ್ವಲ್ಪ ತಾಳಿ.

ನಾನು ಹವ್ಯಾಸಕ್ಕೆ ಬರೆಯುವವಳು. ಬೆಳಿಗ್ಗೆ ಹಾಲು ಕಾಯಿಸಿ, ಕಾಫಿ ಕುಡಿದು, ಮನೆಯವರು ಏಳುವ ಮೊದಲು 20 ನಿಮಿಷ ಬರೆಯುತ್ತೇನೆ. ಅಲಾರಂ ಹೊಡೆದರೆ ಅರ್ಧ ವಾಕ್ಯವಾದರೂ ಸರಿ, ನಿಲ್ಲಿಸುತ್ತೇನೆ. 200 ಪುಟದ ನೋಟ್‌ಬುಕ್ಕು. ಎಡಗಡೆಯ ಪುಟದಲ್ಲಿ ಬರೆದು, ಬಲಗಡೆಯದನ್ನು ಖಾಲಿ ಬಿಡುತ್ತೇನೆ.

ಸೋಮವಾರ ಮನೆಯ ಒಂದು ವಸ್ತುವಿನ ಬಗ್ಗೆ. ಈಳಿಗೆಮಣೆ, ನಿಂಬೆಹಣ್ಣು, ಬಾಗಿಲ ಚಿಲಕ, ಯಾವುದಾದರೂ ಸರಿ. 'ಚೆನ್ನಾಗಿದೆ', 'ಸುಂದರವಾಗಿದೆ' ಎನ್ನುವ ಹಾಗಿಲ್ಲ. ಮಂಗಳವಾರ ಕಿವಿಗೆ ಬಿದ್ದ ಮಾತು. ಸೊಪ್ಪಿನವಳು ಪಕ್ಕದ ಮನೆಯವರ ಜೊತೆ ಚೌಕಾಸಿ ಮಾಡಿದ್ದನ್ನು ಅವಳ ಮಾತಿನಲ್ಲೇ ಬರೆಯಬೇಕು. ಬುಧವಾರ ಆ ಎರಡನ್ನೂ ಬಲಗಡೆಯ ಪುಟಕ್ಕೆ ಮತ್ತೆ ಬರೆಯುತ್ತೇನೆ, ಆದರೆ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ. ಗುರುವಾರದಿಂದ ಶನಿವಾರದವರೆಗೆ ಇದೇ ಇನ್ನೊಂದು ಸುತ್ತು. ಭಾನುವಾರ ಮೊಮ್ಮಗನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವನು ಆಕಳಿಸಿದ ಕಡೆ ಪೆನ್ಸಿಲ್ ಗೆರೆ ಬೀಳುತ್ತದೆ.

"ನಿಂಬೆಹಣ್ಣಿನ ಬಗ್ಗೆ ಬರೆದು ಏನು ಸಿಗತ್ತೆ ಅಜ್ಜಿ?" ಎಂದು ಅವನು ಒಂದು ಸಲ ಕೇಳಿದ. ಅದಕ್ಕೆ ಉತ್ತರ ಅವನೇ ತೋರಿಸಿದ ಸಿನಿಮಾದಲ್ಲಿತ್ತು.

ಮೊಮ್ಮಗ ಏಳನೇ ಕ್ಲಾಸು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು, ಅಷ್ಟು ಗಿಡ್ಡ. ಆದರೆ ಬ್ಯಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಅವನು ನನ್ನನ್ನು ಹಿಡಿದು ಕೂರಿಸಿ ತೋರಿಸಿದ್ದು 'ದಿ ಫಸ್ಟ್ ಸ್ಲ್ಯಾಮ್ ಡಂಕ್' ಎಂಬ ಜಪಾನಿ ಚಿತ್ರ. 2022ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ತೆರೆ ಕಂಡದ್ದು. ತಾಕೆಹಿಕೊ ಇನೌಯೆ ಎಂಬವರು 1990ರಿಂದ 1996ರವರೆಗೆ ಒಂದು ವಾರಪತ್ರಿಕೆಯಲ್ಲಿ 'ಸ್ಲ್ಯಾಮ್ ಡಂಕ್' ಎಂಬ ಚಿತ್ರಕಥೆಯನ್ನು ವಾರವಾರವೂ ಬರೆದರು. ಎಷ್ಟೋ ವರ್ಷಗಳ ನಂತರ ಅದನ್ನು ಸಿನಿಮಾ ಮಾಡಿದವರೂ ಅವರೇ. ಕಥೆ, ನಿರ್ದೇಶನ ಎರಡೂ ಅವರದೇ.

ಪತ್ರಿಕೆಯ ಕಥೆಯಲ್ಲಿ ನಾಯಕ ಕೆಂಪು ಕೂದಲಿನ ಸಕುರಾಗಿ. ಸಿನಿಮಾದಲ್ಲಿ ಮುಂದೆ ಬರುವವನು ತಂಡದ ಗಿಡ್ಡ ಹುಡುಗ, ರಿಯೋಟಾ ಮಿಯಾಗಿ. ಎತ್ತರ 168 ಸೆಂಟಿಮೀಟರ್. ಅವನ ಊರು ಒಕಿನಾವಾ ದ್ವೀಪ. ಅಪ್ಪ ಇಲ್ಲ. ಚೆಂಡು ಹಿಡಿಯಲು ಕಲಿಸಿದವನು ಅಣ್ಣ ಸೋಟಾ. ಒಂದು ದಿನ ಆಟದ ಮಧ್ಯೆ ಅಣ್ಣ ಮೀನು ಹಿಡಿಯಲು ಹೊರಟ. ಸಿಟ್ಟಿನಲ್ಲಿ ತಮ್ಮ, ವಾಪಸ್ ಬರಲೇಬೇಡ ಎಂದು ಕೂಗಿಬಿಟ್ಟ. ಅಣ್ಣ ಸಮುದ್ರದಿಂದ ಬರಲೇ ಇಲ್ಲ.

ಆಮೇಲೆ ಆ ಮನೆಯಲ್ಲಿ ಯಾರೂ ಅದನ್ನು ಮಾತನಾಡುವುದಿಲ್ಲ. ಹುಡುಗ ಮಾತ್ರ ಒಬ್ಬನೇ ಚೆಂಡು ಬಡಿಯುತ್ತಾ ಇರುತ್ತಾನೆ. ವರ್ಷಗಳ ಮೇಲೆ ದೊಡ್ಡ ಪಂದ್ಯ. ಎದುರಿಗೆ ಸಾನ್ನೋ ಎಂಬ ಬಲಿಷ್ಠ ತಂಡ. ಎತ್ತರದ ಇಬ್ಬರು ಬಂದು ಅವನನ್ನು ಗೋಡೆಯ ಹಾಗೆ ಅಡ್ಡಗಟ್ಟುತ್ತಾರೆ. ಅವರ ಮೇಲಿನಿಂದ ಹೋಗಲು ಸಾಧ್ಯವಿಲ್ಲ. ಅವನು ಬಗ್ಗಿ, ಚೆಂಡನ್ನು ನೆಲಕ್ಕೆ ಹತ್ತಿರವಾಗಿ ಬಡಿಯುತ್ತಾ, ಇಬ್ಬರ ಮಧ್ಯೆ ನುಗ್ಗಿಬಿಡುತ್ತಾನೆ. ನನ್ನ ಪಕ್ಕದಲ್ಲಿ ಇನ್ನೊಬ್ಬ ಗಿಡ್ಡ ಹುಡುಗ ಸೋಫಾದ ಮೇಲೆ ಎದ್ದು ನಿಂತಿದ್ದ.

ಒಬ್ಬನೇ ಚೆಂಡು ಬಡಿದ ದಿನಗಳಲ್ಲಿ ಅವನಿಗೆ ಏನು ಸಿಕ್ಕಿತು? ಆಗ ಏನೂ ಇಲ್ಲ. ಗೋಡೆ ಎದುರಾದ ದಿನ ಕೈಗೆ ದಾರಿ ಗೊತ್ತಿತ್ತು.

ಇನ್ನೆರಡು ಸಂಗತಿ ನನ್ನಂಥ ಬರೆಯುವವಳಿಗೆ ನಾಟಿದವು. ಪಂದ್ಯಕ್ಕೆ ಮುಂಚೆ ರಿಯೋಟಾ ಅಮ್ಮನಿಗೆ ಕಾಗದ ಬರೆಯಲು ಕೂರುತ್ತಾನೆ. ಮೊದಲು ಬರೆದದ್ದನ್ನು ಬಿಟ್ಟು ಮತ್ತೆ ಬರೆಯುತ್ತಾನೆ. ಕೊನೆಗೆ ಉಳಿಯುವುದು ಸರಳವಾದ ಕೃತಜ್ಞತೆಯ ಮಾತು. ಇನ್ನೊಂದು, ಪಂದ್ಯದ ಕೊನೆಯ ಕ್ಷಣಗಳು. ಬೇರೆ ಸಿನಿಮಾಗಳಲ್ಲಿ ಅಲ್ಲಿ ಸಂಗೀತ ಅಬ್ಬರಿಸುತ್ತದೆ. ಇಲ್ಲಿ ಸದ್ದೇ ನಿಂತುಹೋಗುತ್ತದೆ. ಯಾರು ಗೆದ್ದರು ಎಂದು ಹೇಳುವುದಿಲ್ಲ, ನೀವೇ ನೋಡಿ. ಸಾವಿನ ದುಃಖ, ಹುಡುಗರ ಹೊಡೆದಾಟ ಇದೆ. ಚಿಕ್ಕ ಮಕ್ಕಳ ಜೊತೆ ಅಜ್ಜ ಅಜ್ಜಿಯರು ಕೂತು ನೋಡುವುದು ಒಳ್ಳೆಯದು.

ನಮ್ಮ ಯಜಮಾನರು ಹೋಗಿ ಒಂದು ವರ್ಷದ ಮೇಲಾಯಿತು. ಅವರ ಕೈಗಡಿಯಾರ ಬೀರುವಿನಲ್ಲಿದೆ. ನಿಂಬೆಹಣ್ಣು, ಚಿಲಕ, ಸೊಪ್ಪಿನವಳು, ಎಲ್ಲದರ ಬಗ್ಗೆ ಬರೆದ ನಾನು ಅದನ್ನು ಮುಟ್ಟಿರಲಿಲ್ಲ. ಸಿನಿಮಾ ನೋಡಿದ ಮರುದಿನ ಸೋಮವಾರ. ಗಡಿಯಾರವನ್ನು ಮೇಜಿನ ಮೇಲಿಟ್ಟುಕೊಂಡು, ಎಲ್ಲ ಸೋಮವಾರದ ಹಾಗೆಯೇ ಬರೆದೆ. ಎಡಗಡೆಯ ಪುಟ ತುಂಬಿತು. ಬುಧವಾರ ಕಡಿಮೆ ಮಾಡುತ್ತಾ ಹೋದರೆ, ಮೂರರಲ್ಲಿ ಒಂದಲ್ಲ, ಬಹುಪಾಲು ಹೋಯಿತು. ಬಲಗಡೆ ಉಳಿದದ್ದು ನಾಲ್ಕು ವಾಕ್ಯ: 'ಗಡಿಯಾರದ ಪಟ್ಟಿಗೆ ಐದು ತೂತು. ಮೂರನೆಯದು ಅಗಲವಾಗಿದೆ. ಕೊನೆಯ ವರ್ಷ ನಾಲ್ಕನೆಯದಕ್ಕೆ ಹಾಕಿಕೊಳ್ಳುತ್ತಿದ್ದರು. ನಾನೇ ಹಾಕುತ್ತಿದ್ದೆ.'

ಭಾನುವಾರ ಓದಿದೆ. ಮೊಮ್ಮಗ ಆಕಳಿಸಲಿಲ್ಲ. "ತಾತ ಸಣ್ಣ ಆಗಿದ್ರು ಅಲ್ವಾ ಅಜ್ಜಿ?" ಎಂದ. ಅದುವರೆಗೆ ಅವನು ನನ್ನೆದುರಿಗೆ ತಾತನ ಮಾತು ತೆಗೆದೇ ಇರಲಿಲ್ಲ. ಆವತ್ತು ನಾವಿಬ್ಬರೂ ತುಂಬ ಹೊತ್ತು ಮಾತನಾಡಿದೆವು.

ಈ ವಾರದ ಅಭ್ಯಾಸ ಇಬ್ಬರಿಗೂ, ಹಿರಿಯರಿಗೂ ಕಿರಿಯರಿಗೂ. ಮನೆಯಲ್ಲಿ ಯಾರೋ ಬಳಸುತ್ತಿದ್ದ ಒಂದು ವಸ್ತು ಆರಿಸಿಕೊಳ್ಳಿ. ಕೊಡೆ, ಕನ್ನಡಕದ ಡಬ್ಬಿ, ಟಿಫಿನ್ ಕ್ಯಾರಿಯರ್, ಏನಾದರೂ ಆಗಲಿ. ಅದರ ಬಗ್ಗೆ ಬೇರೆ ಬೇರೆಯಾಗಿ 10 ನಿಮಿಷ ಬರೆಯಿರಿ. 'ಪ್ರೀತಿ', 'ದುಃಖ', 'ನೆನಪು' ಎಂಬ ಪದಗಳು ಬೇಡ. ಮರುದಿನ ಕಡಿಮೆ ಮಾಡಿ, ಒಬ್ಬರಿಗೊಬ್ಬರು ಓದಿ ಹೇಳಿ. ಆಕಳಿಕೆ ಬಂದರೆ ಬೇಸರಪಡಬೇಡಿ, ಪೆನ್ಸಿಲ್ ಇದ್ದೇ ಇದೆ. ಮುಂದಿನ ವಾರ ಸಿಗೋಣ.