ಕಾರಿಗೆ ಕಟ್ಟಿದ ಗ್ಯಾರೇಜು, ಹುಡುಗರಿಗೆ ಮನೆ: ತಂತಿ ನೋಡಿದವರು ಯಾರು?



ಕಳೆದ ಮಳೆಗಾಲದಲ್ಲಿ ಒಂದು ಹೋಟೆಲಿನ ಹಿಂಬದಿಯ ಗ್ಯಾರೇಜಿನಲ್ಲಿ ಹಿಟ್ಟು ರುಬ್ಬುವ ಹುಡುಗನಿಗೆ ಗ್ರೈಂಡರು ಮುಟ್ಟಿದೊಡನೆ ಕರೆಂಟು ಹೊಡೆಯಿತು. ಹುಡುಗ ಬದುಕಿದ. ಬದುಕಿದ್ದು ಯಾರ ದಯೆಯಿಂದಲೂ ಅಲ್ಲ, ಕೈ ಜಾರಿ ಹಿಂದಕ್ಕೆ ಬಿದ್ದುದರಿಂದ. ಮಾರನೆಯ ದಿನ ನಾನು ಹೋಗಿ ವಿಚಾರಿಸಿದಾಗ ಗಲ್ಲೆಯಲ್ಲಿ ಕುಳಿತ ಮಾಲಿಕರು ಹೇಳಿದ್ದು ಇಷ್ಟೇ: "ಒದ್ದೆ ಕೈಯಲ್ಲಿ ಮುಟ್ಟಬೇಡ ಎಂದು ಅವನಿಗೆ ನೂರು ಸಲ ಹೇಳಿದ್ದೇನೆ ಮಾರಾಯ!"

ಒದ್ದೆ ಕೈ! ಉದ್ದು ರುಬ್ಬುವವನು ಒಣ ಕೈಯಲ್ಲಿ ರುಬ್ಬುವುದು ಹೇಗೆಂಬುದನ್ನು ಆ ಮಹಾನುಭಾವರು ಒಂದು ದಿನ ಪಂಚೆ ಎತ್ತಿ ಕಟ್ಟಿ ನಮಗೆ ತೋರಿಸಿಕೊಡಲಿ. ನೆಲ ಒದ್ದೆ, ಕಾಲು ಒದ್ದೆ, ಕೈ ಒದ್ದೆ. ಅದು ಆ ಕೆಲಸದ ಗುಣ. ಒದ್ದೆ ಕೈಯವನನ್ನೂ ಕೊಲ್ಲದಂತೆ ತಂತಿ ಇರಬೇಕು ಎಂಬುದೇ ಕಾಯಿದೆಯ ಗುಣ. ಇವೆರಡರ ನಡುವೆ ತಪ್ಪಿದವರು ಯಾರು ಎಂಬುದೇ ನನ್ನ ಪ್ರಶ್ನೆ.

ಮಾಟುಂಗಾ, ದಾದರ, ಮಾಹೀಮ್ ಕಡೆಯ ಹಳೆಯ ಕಟ್ಟಡಗಳ ಹಿಂದೆ ಸಾಲಾಗಿ ಗ್ಯಾರೇಜುಗಳಿರುವುದನ್ನು ನೀವೆಲ್ಲ ಬಲ್ಲಿರಿ. ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ಶ್ರೀಮಂತರು ತಮ್ಮ ಮೋಟಾರು ಗಾಡಿ ನಿಲ್ಲಿಸಲು ಕಟ್ಟಿಸಿದವು. ಗಾಡಿಗೆ ಏನು ಬೇಕು? ಒಂದು ದೀಪ. ಮನೆಯ ಲೈನಿನಿಂದಲೇ ಸಪೂರದ ಎರಡು ತಂತಿ ಎಳೆದು ಒಂದು ಬಲ್ಬು ತೂಗಿಬಿಟ್ಟರು. ಇಂದು ಅದೇ ಗ್ಯಾರೇಜಿನಲ್ಲಿ ಗ್ರೈಂಡರು ಉಂಟು, ಡೀಪ್ ಫ್ರಿಜ್ಜು ಉಂಟು, ಬಕೆಟಿನಲ್ಲಿ ನೀರು ಕಾಯಿಸುವ ರಾಡು ಉಂಟು. ಈಚೆಗೆ ಪಾರ್ಸೆಲ್ ಸಾಗಿಸುವ ಬ್ಯಾಟರಿ ಸ್ಕೂಟರುಗಳು ರಾತ್ರಿಯಿಡೀ ಚಾರ್ಜಿಗೆ ನಿಲ್ಲುತ್ತವೆ. ಇವೆಲ್ಲದರ ನಡುವೆ ಚಾಪೆ ಹಾಸಿಕೊಂಡು ಆರೆಂಟು ಹುಡುಗರು ಮಲಗುತ್ತಾರೆ. ಹೊರೆ ಹೆಚ್ಚಿತು, ತಂತಿ ಮಾತ್ರ ಅದೇ.

ಆ ತಂತಿಯ ಕಥೆ ಕೇಳಿ. ಮರದ ಪಟ್ಟಿಗೆ ಎರಡು ಗೀರು ಕೊರೆದು, ಗೀರಿನೊಳಗೆ ರಬ್ಬರು ಹೊದಿಸಿದ ತಂತಿ ಇಟ್ಟು, ಮೇಲೊಂದು ಪಟ್ಟಿ ಮುಚ್ಚಿ ಮೊಳೆ ಹೊಡೆಯುತ್ತಿದ್ದರು. ರಬ್ಬರಿನ ಮೇಲೆ ಹತ್ತಿನೂಲಿನ ಹೆಣಿಗೆ. ನಮ್ಮ ಗಿರಣಿಯ ಹಿರಿಯರಿಗೆ ಆ ನೂಲಿನ ನಂಟು ಹೇಳಬೇಕಾಗಿಲ್ಲ. ಹೊಸತಿನಲ್ಲಿ ಅದು ಒಳ್ಳೆಯ ಕೆಲಸವೇ. ಆದರೆ ರಬ್ಬರಿಗೆ ಮುಪ್ಪು ಬರುತ್ತದೆ. ಶಾಖಕ್ಕೆ ಒಣಗಿ, ಗಡುಸಾಗಿ, ಹಪ್ಪಳದಂತೆ ಪುಡಿಯಾಗುತ್ತದೆ. ಅಲುಗಿಸದಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಯಾರೋ ಹೊಸ ಪ್ಲಗ್ಗು ಕೂರಿಸಲೆಂದು ಎಳೆದಾಗ ತಾಮ್ರ ಬೆತ್ತಲೆಯಾಗುತ್ತದೆ. ಮುಂಬಯಿಯ ಮಳೆಗೆ ನೆನೆದ ಗೋಡೆ, ನೆನೆದ ಮರ, ಬೆತ್ತಲೆ ತಾಮ್ರ! ಮುಂದಿನದನ್ನು ಬರೆಯಬೇಕೆ?

ಈಗ ಸ್ವಲ್ಪ ಲೆಕ್ಕ. ಏಳನೆಯ ತರಗತಿಯ ತನಕ ಓದಿದ ನನಗೇ ಬರುವ ಲೆಕ್ಕ ಇದು, ಬಿ.ಕಾಂ. ಮಾಡಿದ ಮಾಲಿಕರ ಮಕ್ಕಳಿಗೆ ಬಾರದೆ ಇರಲಿಕ್ಕಿಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. 1500 ವಾಟಿನ ರಾಡು ಎಳೆಯುವುದು ಆರೂವರೆ ಆಂಪಿಯರು. ಒಂದು ಎಚ್.ಪಿ. ಎಂದರೆ 746 ವಾಟು. ಆದರೆ ಮೋಟಾರು ತಾನು ತಿನ್ನುವುದು ಅದಕ್ಕಿಂತ ಹೆಚ್ಚು, ಸುಮಾರು ಐದು ಆಂಪಿಯರು ಎಂದಿಡಿ. ಶುರುವಾಗುವ ಗಳಿಗೆಯಲ್ಲಿ ಅದರ ಹಲವು ಪಾಲು. ಅಂಥ ಎರಡು ಗ್ರೈಂಡರು, ಒಂದು ರಾಡು, ಒಂದು ಫ್ರಿಜ್ಜು, ಫ್ಯಾನು ಎಲ್ಲ ಸೇರಿದರೆ 20ರ ಹತ್ತಿರ ಹೋಯಿತು. ದೀಪಕ್ಕೆಂದು ಎಳೆದ ತಂತಿಯ ಯೋಗ್ಯತೆ ಐದು ಆಂಪಿಯರಿನದು. ನಾಲ್ಕು ಪಾಲು ಕರೆಂಟು ಹರಿದರೆ ಶಾಖ ನಾಲ್ಕು ಪಾಲಲ್ಲ, ಹದಿನಾರು ಪಾಲು. ಗ್ರೈಂಡರಾದರೂ ಅರ್ಧ ಗಂಟೆಗೆ ನಿಲ್ಲುತ್ತದೆ, ತಂತಿ ತಣಿಯುತ್ತದೆ. ಸ್ಕೂಟರಿನ ಚಾರ್ಜರು ಗಂಟೆಗಟ್ಟಲೆ ಬಿಡದೆ ಎಳೆಯುತ್ತದೆ, ಅದೂ ಎಲ್ಲರೂ ನಿದ್ರೆಯಲ್ಲಿರುವ ಹೊತ್ತಿನಲ್ಲಿ.

"ಫ್ಯೂಸು ಉಂಟಲ್ಲ" ಎನ್ನುತ್ತಾರೆ. ಉಂಟು, ಪಿಂಗಾಣಿಯ ಕಿಟ್‌ಕ್ಯಾಟ್. ಅದರೊಳಗೆ ಏನುಂಟು ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಆ ಪಾಪದಲ್ಲಿ ನನ್ನ ಪಾಲೂ ಇದೆ. ಹದಿನೈದು ವರ್ಷದ ಕ್ಲೀನರ್ ಹುಡುಗನಾಗಿ ನಾನೂ ಒಂದು ಗ್ಯಾರೇಜಿನಲ್ಲಿ ಮಲಗಿದವನು. ಬೆಳಗಿನ ಜಾವ ರುಬ್ಬುವಾಗ ಫ್ಯೂಸು ಪದೇ ಪದೇ ಹೋಗುತ್ತಿತ್ತು. ಇಡ್ಲಿ ತಡವಾದರೆ ಭಟ್ಟರಿಗೆ ಬೈಗಳು, ಭಟ್ಟರಿಂದ ನಮಗೆ. ನಾನು ಹಳೆಯ ವಾಯರು ಸುಲಿದು ತಾಮ್ರದ ಎಳೆಗಳನ್ನು ಮಡಚಿ ಹೊಸೆದು ಹಾಕಿದೆ. ಮತ್ತೆ ಫ್ಯೂಸು ಹೋಗಲಿಲ್ಲ. ಮಾಲಿಕರು ಶಾಬಾಸ್ ಎಂದರು, ಒಂದು ಮಸಾಲೆ ದೋಸೆ ಕೊಡಿಸಿದರು. ಅಂದಿನಿಂದ ಫ್ಯೂಸಿನ ಬದಲು ಗೋಡೆಯೊಳಗಿನ ತಂತಿಯೇ ಉರಿಯಲು ಸಿದ್ಧವಾಗಿ ಕುಳಿತಿತ್ತು ಎಂದು ನನಗೆ ತಿಳಿಸಿ ಹೇಳುವವರು ಯಾರೂ ಇರಲಿಲ್ಲ. ಇಂದು ಎಷ್ಟು ಗ್ಯಾರೇಜುಗಳಲ್ಲಿ ಅಂಥ ದೋಸೆ ತಿಂದ ಹುಡುಗರಿದ್ದಾರೋ!

ಇನ್ನು ಸರಿಯಾದ ಫ್ಯೂಸೇ ಇದ್ದರೂ ಅದು ಕಾಯುವುದು ತಂತಿಯನ್ನು ಮಾತ್ರ. ಮನುಷ್ಯನ ಎದೆಗುಂಡಿಗೆಯನ್ನು ಕೆಡಿಸಲು ಬಹಳ ಕಡಿಮೆ ಕರೆಂಟು ಸಾಕು. ಜೀವರಕ್ಷಣೆಗೆಂದು ಹಾಕುವ ಆರ್.ಸಿ.ಸಿ.ಬಿ. ಎಂಬ ಸಾಧನ 30 ಮಿಲಿ ಆಂಪಿಯರಿಗೆ ಲೈನು ಕಡಿಯುವುದು ಅದಕ್ಕಾಗಿಯೇ. 60 ವಾಟಿನ ಬಲ್ಬು ಉರಿಯುವುದಕ್ಕೇ 260 ಮಿಲಿ ಆಂಪಿಯರು ಬೇಕು ಎಂದರೆ ಅಂದಾಜು ಮಾಡಿಕೊಳ್ಳಿ. 15 ಆಂಪಿಯರಿನ ಫ್ಯೂಸಿಗೆ ಇದರ 500 ಪಾಲು ಹರಿಯಬಹುದು. ಹುಡುಗ ಸತ್ತು ತಣ್ಣಗಾದರೂ ಫ್ಯೂಸು ಬೆಚ್ಚಗೂ ಆಗುವುದಿಲ್ಲ.

ಅದಕ್ಕಾಗಿಯೇ ಅರ್ತಿಂಗು. ಗ್ರೈಂಡರಿನ ಮೈಗೆ ಕರೆಂಟು ಬಂದರೆ ಅದು ಹುಡುಗನ ಮೈ ಹಾಯದೆ ದಪ್ಪ ತಂತಿಯ ದಾರಿ ಹಿಡಿದು ಭೂಮಿಗೆ ಇಳಿಯಬೇಕು. ಹಳೆಯ ಕಟ್ಟಡಗಳಲ್ಲಿ ಈ ದಾರಿಯನ್ನು ಬಹಳ ಕಡೆ ನೀರಿನ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಪೈಪು ತುಕ್ಕು ಹಿಡಿಯಿತು, ಅದನ್ನು ಕಿತ್ತು ಪ್ಲಾಸ್ಟಿಕ್ ಪೈಪು ಹಾಕಿಸಿದರು. ನೀರು ಚೆನ್ನಾಗಿ ಬಂತು, ಅರ್ತಿಂಗು ಹೋಯಿತು! ಪ್ಲಂಬರನಿಗೆ ಅದು ಗೊತ್ತಿಲ್ಲ, ವಾಯರ್‌ಮನ್ನನನ್ನು ಯಾರೂ ಕರೆಯಲಿಲ್ಲ. ಮೂರು ತೂತಿನ ಸಾಕೆಟ್ಟು ಮಾತ್ರ ಗೋಡೆಯಲ್ಲಿ ದೇವರ ಪಟದ ಹಾಗೆ ಉಳಿಯಿತು. ಅದಕ್ಕೂ ನಮ್ಮವರು ಪ್ಲಗ್ಗು ಹಾಕುವುದಿಲ್ಲ, ಎರಡು ತಂತಿ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ.

ಮೇಲೆ ಹೇಳಿದ ಗ್ಯಾರೇಜಿನಲ್ಲಿ ಆರ್.ಸಿ.ಸಿ.ಬಿ. ಹಾಕಿಸಿದ್ದರಂತೆ. "ಪದೇ ಪದೇ ಬೀಳುತ್ತಿತ್ತು, ತೆಗೆಸಿದೆವು" ಎಂದರು. ಜ್ವರ ತೋರಿಸಿತೆಂದು ಥರ್ಮಾಮೀಟರು ಒಡೆದ ವೈದ್ಯ ಇದ್ದರೆ ಅವನ ಬಳಿ ಇವರು ಮಗನನ್ನು ಕರೆದೊಯ್ಯುತ್ತಾರೆಯೇ? ಅದು ಬೀಳುತ್ತಿದ್ದುದು ತಂತಿ ಸೋರುತ್ತಿದ್ದುದರಿಂದ. ಸೋರುವುದನ್ನು ಬಿಟ್ಟು ಸೋರಿಕೆ ಹೇಳುವುದನ್ನು ಕಿತ್ತರು.

ಜವಾಬ್ದಾರಿ ಕೇಳಿದರೆ ಶುರುವಾಗುತ್ತದೆ ಕಣ್ಣಾಮುಚ್ಚಾಲೆ. ಮೀಟರಿನ ತನಕ ತಮ್ಮದು, ಆಚೆಗೆ ನಿಮ್ಮದು ಎಂದು ಕರೆಂಟಿನವರು. ಕಟ್ಟಡ ನನ್ನದಲ್ಲ, ಪಗಡಿಯದು ಎಂದು ಹೋಟೆಲಿನವರು. ನೂರಿನ್ನೂರು ರೂಪಾಯಿ ಬಾಡಿಗೆಗೆ ಎಂಥ ರಿಪೇರಿ ಎಂದು ಮನೆಯೊಡೆಯರು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 14ನೆಯ ಕಲಮಿನಂತೆ ರಿಪೇರಿ ಮನೆಯೊಡೆಯನ ಹೊಣೆ; 15 ದಿನದ ನೋಟೀಸು ಕೊಟ್ಟು ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ವರ್ಷದ ಬಾಡಿಗೆಯ ಕಾಲು ಭಾಗಕ್ಕಿಂತ ಹೆಚ್ಚಲ್ಲ. ಪಗಡಿ ಬಾಡಿಗೆಯ ಕಾಲು ಭಾಗಕ್ಕೆ ಇಂದು ವಾಯರಿನ ಒಂದು ಸುರುಳಿ ಬಂದರೆ ಪುಣ್ಯ. ಒಪ್ಪಿದೆ, ಕಾಯಿದೆ ಕುಂಟು. ಆದರೆ ಆ ಗ್ಯಾರೇಜಿನಲ್ಲಿ ರುಬ್ಬಿದ ಹಿಟ್ಟಿನ ದೋಸೆಯನ್ನು ನೂರು ರೂಪಾಯಿಗೆ ಮಾರುವವರು ಯಾರು? ಲಾಭ ತಿನ್ನುವವನೇ ತಂತಿ ಹಾಕಿಸಲಿ, ಆಮೇಲೆ ಮನೆಯೊಡೆಯನೊಡನೆ ಕೋರ್ಟಿನಲ್ಲಿ ಜಗಳವಾಡಲಿ.

ಬಂಧುಗಳೇ, 2017ರ ದಶಂಬರ 18ರಂದು ಸಾಕಿನಾಕಾದ ಖೈರಾನಿ ರಸ್ತೆಯ ಫರಸಾಣದ ಅಂಗಡಿಗೆ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಕೆಲಸಗಾರರಲ್ಲಿ 12 ಮಂದಿ ಹೋದರು. 2019ರ ದಶಂಬರ 8ರಂದು ದಿಲ್ಲಿಯ ಅನಾಜ್ ಮಂಡಿಯಲ್ಲಿ 40ಕ್ಕೂ ಹೆಚ್ಚು ಮಂದಿ, ಅವರೂ ದುಡಿದಲ್ಲಿಯೇ ಮಲಗಿದವರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಎರಡು ಕಡೆಯೂ ಚೆನ್ನಾಗಿಯೇ ನಡೆಯಿತು.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ, ಕೋಪಿಸಿಕೊಳ್ಳಬೇಡಿ. ಯಾರಾದರೂ ಸತ್ತರೆ ನಾವು ಒಂದೇ ದಿನದಲ್ಲಿ ಚಂದಾ ಎತ್ತಿ ಹೆಣವನ್ನು ಊರಿಗೆ ಕಳುಹಿಸುತ್ತೇವೆ. ಬದುಕಿರುವಾಗ ಒಬ್ಬ ಲೈಸೆನ್ಸಿನ ವಾಯರ್‌ಮನ್ನನನ್ನು ಕರೆಸಲು ಇದುವರೆಗೆ ಒಂದು ನಿರ್ಣಯ ಮಾಡಿದ್ದೇವೆಯೇ? ಕರೆಂಟು ಹೊಡೆದು ಸತ್ತವನನ್ನು "ಹೃದಯಾಘಾತ" ಎಂದು ಬರೆಸುವಾಗ ಸಹಿ ಹಾಕಿದ ನಮ್ಮವರಿಲ್ಲವೇ? 2003ರ ವಿದ್ಯುತ್ ಕಾಯಿದೆಯ 161ನೆಯ ಕಲಮಿನಂತೆ ಅಂಥ ಅಪಘಾತವನ್ನು ಇಲೆಕ್ಟ್ರಿಕಲ್ ಇನ್ಸ್‌ಪೆಕ್ಟರರಿಗೆ ತಿಳಿಸಲೇಬೇಕು. ತಿಳಿಸಿದರೆ ತನಿಖೆ, ತನಿಖೆಯಾದರೆ ಪರಿಹಾರದ ದಾರಿ. ಸಹಿ ಹಾಕುವ ಮೊದಲು ಸಂಘದ ಕಚೇರಿಗೆ ಒಂದು ಫೋನು ಮಾಡಿ.

ನಾವು ಕೇಳುವುದು ದೊಡ್ಡದೇನಲ್ಲ. ಮೀಟರಿನಿಂದ ಗ್ಯಾರೇಜಿಗೆ ಪ್ರತ್ಯೇಕ ಲೈನು, ದೊಡ್ಡ ಪ್ಲಗ್ಗುಗಳಿಗೆ ಎರಡೂವರೆ ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರ, ಭೂಮಿಗೆ ಮುಟ್ಟಿದ ಅರ್ತಿಂಗು, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಮೊದಲು ಇದ್ದ ತಂತಿಗೆ ಮೆಗ್ಗರು ಹಿಡಿಸಬೇಕು: 500 ವೋಲ್ಟು ಒಂದು ನಿಮಿಷ ಕೊಟ್ಟು, ಭೂಮಿಗೂ ತಂತಿಗೂ ನಡುವೆ ಕನಿಷ್ಠ ಒಂದು ಮೆಗೋಮ್ ತಡೆ ತೋರಿಸದಿದ್ದರೆ ಆ ತಂತಿಯ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಗಿರಣಿಯ ಇಲೆಕ್ಟ್ರಿಕಲ್ ಖಾತೆಯಲ್ಲಿ ದುಡಿದ ಹಿರಿಯರು ನಮ್ಮಲ್ಲಿದ್ದಾರೆ. ವಾಯರ್‌ಮನ್ ಬಂದಾಗ ಪಕ್ಕದಲ್ಲಿ ನಿಂತು ಮುಳ್ಳು ಎಲ್ಲಿ ನಿಂತಿತು ನೋಡಲು ಅವರು ಬರಬೇಕು. ಪಟ್ಟಿಯ ಮುಚ್ಚಳವನ್ನು, ಬೋರ್ಡನ್ನು ನೀವಾಗಿ ಬಿಚ್ಚಬೇಡಿ.

ಬಿಚ್ಚದೆ ನೋಡುವುದು ಬಹಳ ಇದೆ. ರುಬ್ಬಿ ಮುಗಿದ ಕೂಡಲೇ ಸ್ವಿಚ್ಚು ಆರಿಸಿ ಪ್ಲಗ್ಗಿನ ಮೇಲ್ಭಾಗ ಬಿಸಿಯಾಗಿದೆಯೇ ನೋಡಿ. ಬೋರ್ಡು ಹಳದಿ ಕಪ್ಪಾಗಿದೆಯೇ, ಸುಟ್ಟ ವಾಸನೆ ಇದೆಯೇ, ಗ್ರೈಂಡರು ತಿರುಗುವಷ್ಟು ಹೊತ್ತೂ ಬಲ್ಬು ಮಂಕಾಗಿಯೇ ಇರುತ್ತದೆಯೇ, ನಲ್ಲಿ ಮುಟ್ಟಿದರೆ ಚುರುಗುಟ್ಟುತ್ತದೆಯೇ, ಸ್ಕೂಟರು ಬಾಗಿಲಿಗೆ ಅಡ್ಡವಾಗಿ ನಿಲ್ಲುತ್ತದೆಯೇ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಹೋಟೆಲಿನ ಹೆಸರು ಬೇಕು, ನಿಮ್ಮ ಹೆಸರು ಬೇಡ. ಬರುವ ತಿಂಗಳ ಮೊದಲ ಸೋಮವಾರ ರಾತ್ರಿ ಹನ್ನೊಂದಕ್ಕೆ, ಹೋಟೆಲು ಮುಚ್ಚಿದ ಮೇಲೆ, ಸಂಘದ ಕಚೇರಿಯಲ್ಲಿ ಆ ಚೀಟಿಗಳನ್ನು ಓದುತ್ತೇವೆ. ಇನ್ನೊಂದು ಸಂಗತಿಯನ್ನೂ ಮರೆಯದೆ ಬರೆದು ತನ್ನಿ: ರಾತ್ರಿ ಗ್ಯಾರೇಜಿನ ಶಟರು ಎಳೆದ ಮೇಲೆ ಬೀಗದ ಕೈ ಒಳಗಿರುತ್ತದೆಯೋ, ಹೊರಗೆ ಯಾರ ಕಿಸೆಯಲ್ಲಿರುತ್ತದೆಯೋ.